ಗರ್ಭಪಾತವಾಗಿ 3 ವಾರ ಆದರೂ ಹೊಟ್ಟೆನೋವು ನಿಂತಿಲ್ಲ, ಯಾಕಿರಬಹುದು?

ಸ್ಕ್ಯಾನ್ ಮಾಡಿಸದೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗಿದೆ, 3 ವಾರವಾದರೂ ಕೆಳಹೊಟ್ಟೆ ನೋಯುತ್ತಿದೆ ಎಂದು ಜಮಖಂಡಿಯಿಂದ ಬರೆದಿದ್ದೀರಿ. ಮೊದಲ ಕೆಲವು ದಿನ ಮುಟ್ಟಿನ ಹಾಗೆ ಹಿಂಡಿದಂತೆ ನೋವು ಬರುವುದು ಸಹಜ. ಗರ್ಭಕೋಶ ಕುಗ್ಗಿ ಮೊದಲಿನ ಗಾತ್ರಕ್ಕೆ ಬರುತ್ತಿರುತ್ತದೆ. ಆದರೆ ಅದು ದಿನದಿಂದ ದಿನಕ್ಕೆ ಇಳಿಯಬೇಕು, ಅಲ್ವಾ? ಇನ್ನೂ ಹೀಗೇ ಇದ್ದರೆ ತೋರಿಸಲೇಬೇಕು.

ಹೆಚ್ಚಾಗಿ ಒಳಗೆ ಗರ್ಭದ ಚೂರು ಉಳಿದಿರುತ್ತದೆ. ಆಗ ರಕ್ತ ನಿಂತಂತಾಗಿ ಮತ್ತೆ ಬರುತ್ತದೆ, ಗಡ್ಡೆಗಳೂ ಬೀಳಬಹುದು. ಸೋಂಕಾಗಿದ್ದರೆ ಪ್ಯಾಡ್ ಬದಲಿಸುವಾಗ ಕೆಟ್ಟ ವಾಸನೆ ಬರುತ್ತದೆ, ಚಳಿಜ್ವರ ಕಾಣಿಸುತ್ತದೆ. ಅದನ್ನು ಸುಮ್ನೆ ಬಿಟ್ಟರೆ ಗರ್ಭನಾಳಕ್ಕೂ ಹಬ್ಬಿ ಮುಂದೆ ಮಗುವಾಗಲು ತೊಂದರೆಯಾಗಬಹುದು.

ನನಗೆ ಜಾಸ್ತಿ ಚಿಂತೆ ಆಗಿರುವುದು ನೀವು ಸ್ಕ್ಯಾನ್ ಮಾಡಿಸಿಲ್ಲ ಎಂಬುದಕ್ಕೆ. ಗರ್ಭವು ಗರ್ಭಕೋಶದ ಬದಲು ಗರ್ಭನಾಳದಲ್ಲೇ ಕೂತಿದ್ದರೆ ಈ ಮಾತ್ರೆ ಅದನ್ನು ತೆಗೆಯುವುದಿಲ್ಲ. ರಕ್ತ ಹೋದದ್ದು ನೋಡಿ ಎಲ್ಲ ಮುಗಿಯಿತು ಅನಿಸುತ್ತದೆ, ಒಳಗೆ ನಾಳ ಹಿಗ್ಗುತ್ತಲೇ ಇರುತ್ತದೆ. ಒಂದೇ ಪಕ್ಕಕ್ಕೆ ಚುಚ್ಚುವ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದಂತಾಗುವುದು, ಇದರಲ್ಲಿ ಯಾವುದಿದ್ದರೂ ಈಗಲೇ 108ಕ್ಕೆ ಫೋನ್ ಮಾಡಿ. ಗಂಟೆಗೆ 2 ಪ್ಯಾಡ್‌ನಂತೆ 2 ಗಂಟೆ ತೊಯ್ದರೂ ಅಷ್ಟೇ.

ಇದ್ಯಾವುದೂ ಇಲ್ಲದಿದ್ದರೂ ನಾಳೆಯೇ ಸ್ತ್ರೀರೋಗ ವೈದ್ಯರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿ. ಮನೆಯ ಮೂತ್ರ ಪರೀಕ್ಷೆ ನಂಬಬೇಡಿ, ಗರ್ಭ ಹೋದ ಮೇಲೂ ಕೆಲವು ವಾರ ಪಾಸಿಟಿವ್ ತೋರಿಸಬಹುದು. ಮಾತ್ರೆ ನುಂಗಿದ್ದನ್ನು ಮುಚ್ಚಿಡಬೇಡಿ. ಯಾವ ಮಾತ್ರೆ, ಯಾವ ದಿನ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.