ಇಲಿಯ ಹುಣ್ಣು ತಡೆದ ಸೊಪ್ಪು ಅಪ್ಪನ ಅಲ್ಸರ್‌ಗೆ ಆದೀತೇ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಮಂಡಿನೋವಿಗೆ ಬಹಳ ಕಾಲದಿಂದ ಮಾತ್ರೆ ನುಂಗುತ್ತಿದ್ದಾರೆ. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿದೆ. ವೈದ್ಯರು ಆಮ್ಲ ತಗ್ಗಿಸುವ ಒಮೆಪ್ರಜೋಲ್ ಕೊಟ್ಟಿದ್ದಾರೆ. ನೈಜೀರಿಯಾದ ಲಾಗೋಸ್‌ನಲ್ಲಿ ಕೆಲಸದಲ್ಲಿರುವ ನಮ್ಮ ಭಾವ ಅಲ್ಲಿನ ‘ಬಿಟರ್ ಲೀಫ್’ (ಕಹಿಸೊಪ್ಪು) ಪುಡಿ ತಂದಿದ್ದಾರೆ. ಇಲಿಗಳ ಮೇಲೆ ಪರೀಕ್ಷಿಸಿ ಸಾಬೀತುಪಡಿಸಿದ್ದಾರಂತೆ. ಮಾತ್ರೆ ಬಿಟ್ಟು ಇದನ್ನು ಕೊಡಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಮಾತ್ರೆ ಬಿಡಿಸಬೇಡಿ. ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಇಲಿಗಳಲ್ಲಿ ಕಂಡದ್ದು ನಿಮ್ಮ ತಂದೆಯವರಿಗೆ ಬೇಕಾದದ್ದಲ್ಲ.

ಈ ಸೊಪ್ಪಿನ ಗಿಡದ ವೈಜ್ಞಾನಿಕ ಹೆಸರು ವೆರ್ನೋನಿಯಾ ಅಮಿಗ್ಡಲಿನಾ. ನೈಜೀರಿಯಾದ ಯೊರುಬಾ ಜನರ ಎವುರೊ, ಇಗ್ಬೋ ಜನರ ಒನುಗ್ಬು. ತಾಂಜಾನಿಯಾದ ಮಹಾಲೆ ಬೆಟ್ಟಗಳಲ್ಲಿ ಕಾಯಿಲೆ ಬಿದ್ದ ಚಿಂಪಾಂಜಿಯೊಂದು ಇದರ ಕಾಂಡದ ತಿರುಳನ್ನು ಅಗಿದು ರಸ ಹೀರಿದ್ದನ್ನು ಸಂಶೋಧಕರು 1987ರಲ್ಲೇ ದಾಖಲಿಸಿದ್ದಾರೆ. ಹಾಗಾಗಿ ಇದನ್ನು ತಾತ್ಸಾರ ಮಾಡುವವರ ಗುಂಪಿಗೆ ನಾನು ಸೇರಿದವನಲ್ಲ.

ನೈಜೀರಿಯಾದ ಪ್ರಯೋಗಾಲಯಗಳಲ್ಲಿ ಇಂಥ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಇಲಿಗಳನ್ನು ಸುಮಾರು ಒಂದು ದಿನ ನೀರಿನ ಮೇಲಷ್ಟೇ ಉಪವಾಸ ಇಡುತ್ತಾರೆ. ಒಂದು ಗುಂಪಿಗೆ ಬರೀ ನೀರು, ಇನ್ನೊಂದಕ್ಕೆ ಆಮ್ಲ ತಗ್ಗಿಸುವ ಸಿಮೆಟಿಡಿನ್ ಅಥವಾ ಒಮೆಪ್ರಜೋಲ್, ಉಳಿದವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಸೊಪ್ಪಿನ ಸಾರ. ಆಮೇಲೆ ಎಲ್ಲಕ್ಕೂ ಹುಣ್ಣು ಎಬ್ಬಿಸುವ ನೋವಿನ ಔಷಧ: ಆಸ್ಪಿರಿನ್ ಅಥವಾ ಇಂಡೊಮೆಥಸಿನ್. ಕೆಲವು ಗಂಟೆಗಳ ನಂತರ ಇಲಿಯನ್ನು ಕೊಂದು, ಜಠರವನ್ನು ಅದರ ಹೊರಬಾಗಿದ ಅಂಚಿನ ಗುಂಟ ಸೀಳಿ, ಉಪ್ಪುನೀರಿನಲ್ಲಿ ತೊಳೆದು, ಹಲಗೆಯ ಮೇಲೆ ಹರಡಿ ಗುಂಡುಸೂಜಿ ಚುಚ್ಚುತ್ತಾರೆ. ಒಳಪೊರೆಯ ಮೇಲೆ ಎದ್ದ ಕೆಂಪು ಗೀರುಗಳನ್ನು ಭೂತಗನ್ನಡಿ ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಸೊಪ್ಪು ಕುಡಿದವುಗಳಲ್ಲಿ ಗೀರು ಕಡಿಮೆಯಿದ್ದರೆ ಪರಿಣಾಮಕಾರಿ ಎಂದು ಬರೆಯುತ್ತಾರೆ.

ಕ್ರಮವನ್ನು ಗಮನಿಸಿ: ಸೊಪ್ಪು ಮೊದಲು, ಹುಣ್ಣು ಆಮೇಲೆ. ಇದು ತಡೆಯುವ ಗುಣದ ಪರೀಕ್ಷೆ. ಆಗಿರುವ ಹುಣ್ಣು ಮಾಯುತ್ತದೆಯೇ ಎಂದು ನೋಡಲು ಬೇರೆಯದೇ ವಿಧಾನವಿದೆ: ಅಸಿಟಿಕ್ ಆಮ್ಲದಿಂದ ಮೊದಲು ಹುಣ್ಣು ಮಾಡಿ, ಬಳಿಕ ದಿನಗಟ್ಟಲೆ ಔಷಧ ಕೊಟ್ಟು ಕಾಯಬೇಕು. ಅದು ಶ್ರಮದ ಕೆಲಸ. ಗೀರು ಎಣಿಸುವುದು ಸುಲಭ.

ಪ್ರಮಾಣದ ಮಾತೂ ಇದೆ. ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಕೊಟ್ಟರೆ, ದೇಹದ ಗಾತ್ರದ ವ್ಯತ್ಯಾಸಕ್ಕೆ ಹೊಂದಿಸುವ ರೂಢಿಯ ಲೆಕ್ಕದಂತೆ 60 ಕಿಲೋ ಮನುಷ್ಯನಿಗೆ ಸುಮಾರು 4 ಗ್ರಾಂ ಆಗುತ್ತದೆ. ಅದೂ ಪುಡಿಯಲ್ಲ, ಮೆಥನಾಲ್‌ನಂಥ ದ್ರಾವಕದಲ್ಲಿ ಇಳಿಸಿ ಗಟ್ಟಿಮಾಡಿದ ಸಾರ. ನಿಮ್ಮ ಡಬ್ಬಿಯ ಒಂದು ಚಮಚಕ್ಕೂ ಅದಕ್ಕೂ ತಾಳೆಯಿಲ್ಲ.

ಮನುಷ್ಯರ ಜಠರದ ಹುಣ್ಣಿಗೆ ಮುಖ್ಯ ಕಾರಣ ಎರಡು: ನೋವಿನ ಮಾತ್ರೆ ಮತ್ತು ಹೆಲಿಕೊಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ. ಎರಡನೆಯದನ್ನು ಗುರುತಿಸಿದ್ದಕ್ಕೆ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ತಂದೆಯವರಿಗೆ ಆ ಪರೀಕ್ಷೆ ಆಗಿದೆಯೇ ಕೇಳಿ. ಒಮೆಪ್ರಜೋಲ್ ನಡೆಯುತ್ತಿರುವಾಗ ಸೋಂಕಿದ್ದರೂ ಇಲ್ಲವೆಂದು ಬರುವ ಸಾಧ್ಯತೆಯಿದೆ. ಯಾವಾಗ ಪರೀಕ್ಷಿಸಬೇಕೆಂದು ವೈದ್ಯರೇ ಹೇಳಲಿ. ಮಂಡಿನೋವಿನ ಮಾತ್ರೆ ಬದಲಿಸಲಾದೀತೇ ಎಂಬುದೂ ಅಷ್ಟೇ ಮುಖ್ಯ. ಹೃದಯಕ್ಕೆಂದು ಆಸ್ಪಿರಿನ್ ಕೊಟ್ಟಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ.

ನೈಜೀರಿಯಾದ ಮನೆಗಳಲ್ಲಿ ಈ ಸೊಪ್ಪನ್ನು ಹಲವು ಸಲ ಕಿವುಚಿ ತೊಳೆದು, ಕಹಿ ಇಳಿಸಿಯೇ ಸಾರಿಗೆ ಹಾಕುತ್ತಾರೆ. ಊಟವಾಗಿ ಅದು ಸರಿ. ಪುಡಿಯ ವಿಷಯ ಬೇರೆ: ಪ್ರಾಣಿಗಳಲ್ಲಿ ಇದು ರಕ್ತದ ಸಕ್ಕರೆಯನ್ನು ಇಳಿಸಿದೆ. ತಂದೆಯವರು ಮಧುಮೇಹದ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳದೆ ಕೊಡಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.