ಬಿಟ್ಟದ್ದು ಯಾರ ತಟ್ಟೆಗೆ ಹೋಯ್ತು? – ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ತಪಸ್ಸುಕಾಲದವೇ, ಅಂದರೆ ಈಸ್ಟರಿಗೆ ಮೊದಲು ನಾವು ಕ್ಯಾಥೊಲಿಕರು ಉಪವಾಸ, ಪ್ರಾರ್ಥನೆಯಲ್ಲಿ ಕಳೆಯುವ ದಿನಗಳವು. ಈ ವರ್ಷ, 2026ರಲ್ಲಿ, ಫೆಬ್ರುವರಿ 18ಕ್ಕೆ ಹಣೆಗೆ ಬೂದಿ ಹಚ್ಚಿಸಿಕೊಂಡು ಇದನ್ನು ಶುರುಮಾಡುವ ವಿಭೂತಿ ಬುಧವಾರ ಆಯ್ತು, ಏಪ್ರಿಲ್ 5ಕ್ಕೆ ಪಾಸ್ಕ ಹಬ್ಬ, ಅಂದರೆ ಈಸ್ಟರ್. ಈಗ ನಡುದಾರಿಯಲ್ಲಿದ್ದೇವೆ. ಮೊದಲ ವಾರದ ಹುರುಪು ಇಳಿದಿರುತ್ತದೆ, ಹಬ್ಬ ಇನ್ನೂ ದೂರ ಇರುತ್ತದೆ. ಪ್ರಶ್ನೆಗಳು ಹುಟ್ಟುವುದೇ ಇಂಥ ಹೊತ್ತಿನಲ್ಲಿ. ನಾಲ್ಕು ಕಾಗದ ಆರಿಸಿಕೊಂಡಿದ್ದೇನೆ. ನಾನು ಗುರುಗಳಲ್ಲ, ಸಿಸ್ಟರ್ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನನಗೆ ತಿಳಿದಷ್ಟು, ನಾನು ಕಂಡಷ್ಟು ಬರೆಯುತ್ತೇನೆ.

ಪ್ರಶ್ನೆ: ಟೀಚರಮ್ಮಾ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪ್ರತಿ ವರ್ಷ ತಪಸ್ಸುಕಾಲ ಪೂರ್ತಿ ಮಾಂಸ ಮುಟ್ಟುವುದಿಲ್ಲ, ಬೆಳಗಿನ ತಿಂಡಿಯನ್ನೂ ಬಿಡುತ್ತೇನೆ. ಈ ವರ್ಷ ಮಧ್ಯಾಹ್ನದ ಹೊತ್ತಿಗೆ ಮಷೀನ್ ಮುಂದೆಯೇ ತಲೆ ಸುತ್ತುತ್ತದೆ. ಶುಕ್ರವಾರ ಶಿಲುಬೆ ಹಾದಿಗೆ ಹೋಗಲು ಆಗುವುದಿಲ್ಲ, ಮನೆ ಸೇರುವಾಗಲೇ ಕತ್ತಲಾಗಿರುತ್ತದೆ. ಇಷ್ಟು ಮಾಡಿದರೂ ಪ್ರಾರ್ಥನೆಗೆ ಕೂತರೆ ಮನಸ್ಸು ಖಾಲಿ. ಮೊದಲೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಏನೂ ಇಲ್ಲ. ನನ್ನ ವಿಶ್ವಾಸವೇ ಹೋಗಿಬಿಟ್ಟಿತಾ? (ರಾಮನಗರ ಜಿಲ್ಲೆ, ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮಗಳೇ, ಮೊದಲು ನಾಳೆ ಬೆಳಗ್ಗೆ ತಿಂಡಿ ತಿಂದು ಕೆಲಸಕ್ಕೆ ಹೋಗು. ಉಳಿದದ್ದು ಆಮೇಲೆ.

ಧರ್ಮಸಭೆ ನಿನ್ನಿಂದ ಕೇಳುವುದು ನೀನು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಆ ದಿನವೂ ಒಂದು ಹೊತ್ತು ಹೊಟ್ಟೆ ತುಂಬ ಊಟ ಮಾಡಬಹುದು, ಇನ್ನೆರಡು ಹೊತ್ತು ಸ್ವಲ್ಪ ಏನಾದರೂ ತಿನ್ನಬಹುದು. ಶುಕ್ರವಾರಗಳಲ್ಲಿ ಮಾಂಸ ಬಿಡುವುದು 14 ತುಂಬಿದವರಿಗೆ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಉಪವಾಸದ ಕಟ್ಟು ಇಲ್ಲ. ಇದಕ್ಕಿಂತ ಜಾಸ್ತಿ ಮಾಡಬಾರದು ಎಂದಲ್ಲ. ಆದರೆ ಸೂಜಿ ಓಡುತ್ತಿರುವ ಮಷೀನ್ ಮುಂದೆ ತಲೆ ಸುತ್ತುವಷ್ಟು ಮಾಡುವುದು ಭಕ್ತಿಯಲ್ಲ. ಬೆರಳಿಗೆ ಸೂಜಿ ಹೊಕ್ಕರೆ ಯಾರಿಗೆ ಏನು ಲಾಭ? ತಿಂಡಿ ತಿಂದರೂ ತಲೆಸುತ್ತು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸು, ರಕ್ತ ಪರೀಕ್ಷೆ ಮಾಡಿಸು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಮಾಮೂಲು.

ಈ ವರ್ಷ ತಪಸ್ಸುಕಾಲದ ಮೂರನೇ ಭಾನುವಾರ ಯೊವಾನ್ನರ ಶುಭಸಂದೇಶದ ಸಮಾರ್ಯದ ಹೆಂಗಸಿನ ಕಥೆ ಓದಿದರಲ್ಲ, ನೆನಪಿದೆಯಾ? ಸರಿಯಾಗಿ ನಡು ಮಧ್ಯಾಹ್ನ. ಯೇಸುಸ್ವಾಮಿ ನಡೆದು ನಡೆದು ಸುಸ್ತಾಗಿ ಬಾವಿ ಹತ್ತಿರ ಕೂತಿದ್ದಾರೆ. ಬಂದ ಹೆಂಗಸಿನ ಹತ್ತಿರ ಬಾಯಿಬಿಟ್ಟು ನೀರು ಕೇಳುತ್ತಾರೆ. ನನಗೆ ಇಡೀ ಶುಭಸಂದೇಶದಲ್ಲಿ ಬಹಳ ಹಿಡಿಸಿದ ಜಾಗ ಇದು. ನಮ್ಮ ದೇವರು ದಣಿದ ದೇವರು, ಬಾಯಾರಿದ ದೇವರು. ನಿನ್ನ ಮಧ್ಯಾಹ್ನದ ಸುಸ್ತು ಆತನಿಗೆ ಗೊತ್ತು.

ಇನ್ನು ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಧ್ಯಾನ. ಹದಿನಾಲ್ಕು ಸ್ಥಳಗಳಲ್ಲಿ ಐದನೆಯದು ನಿನಗಾಗಿಯೇ ಇಟ್ಟಂತಿದೆ. ಸಿರೇನೆ ಊರಿನ ಸಿಮೋನ ಹೊರಗಿನಿಂದ ಊರೊಳಕ್ಕೆ ಬರುತ್ತಿದ್ದ. ಮೆರವಣಿಗೆ ನೋಡಲು ಬಂದವನಲ್ಲ. ಸೈನಿಕರು ಹಿಡಿದು ಶಿಲುಬೆ ಹೊರಿಸಿದರು. ಅವನಿಗೆ ಭಕ್ತಿ ಉಕ್ಕಿತೋ, ಸಿಟ್ಟು ಬಂತೋ, ಮನೆಗೆ ಹೊತ್ತಾಯ್ತು ಅನ್ನಿಸಿತೋ, ಶುಭಸಂದೇಶ ಒಂದು ಮಾತೂ ಹೇಳುವುದಿಲ್ಲ. ಹೊತ್ತ ಅಂತ ಮಾತ್ರ ಹೇಳುತ್ತದೆ. ಮಾರ್ಕನಂತೂ ಅವನ ಇಬ್ಬರು ಮಕ್ಕಳ ಹೆಸರನ್ನೂ ಬರೆದಿಟ್ಟಿದ್ದಾನೆ: ಅಲೆಕ್ಸಾಂಡರ್ ಮತ್ತು ರೂಫಸ್. ಅಂದರೆ ಆ ಮನೆಯವರು ವಿಶ್ವಾಸಿಗಳಿಗೆ ಪರಿಚಯದವರೇ ಇದ್ದಿರಬೇಕು. ಅವನಿಗೆ ಆ ಹೊತ್ತಿನಲ್ಲಿ ಏನನ್ನಿಸಿತು ಅಂತ ಯಾರೂ ಲೆಕ್ಕ ಇಡಲಿಲ್ಲ, ನೋಡು. ಶುಕ್ರವಾರ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಆ ಒಂದು ಸ್ಥಳವನ್ನು ಧ್ಯಾನಿಸು. ಹದಿನಾಲ್ಕೂ ಬೇಕಿಲ್ಲ.

ಮನಸ್ಸು ಖಾಲಿ ಅಂದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಯಾಕೆಂದರೆ ಅದು ನನಗೂ ಗೊತ್ತಿರುವ ಜಾಗ.

ನನ್ನ ಯಜಮಾನರು ಒಂದು ಜನವರಿಯಲ್ಲಿ ತೀರಿಕೊಂಡರು. ಆ ವರ್ಷದ ತಪಸ್ಸುಕಾಲದಲ್ಲಿ ನಾನು ದಿನಾ ಪೂಜೆಗೆ ಹೋದೆ. ಜಪಸರ ಹಿಡಿದೆ. ಬಾಯಿ ಹೇಳುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಫಾದರ್ ಹತ್ತಿರ ಹೇಳಿಕೊಂಡಾಗ ಅವರು ಸಮಾಧಾನದ ಮಾತು ಹೇಳಲಿಲ್ಲ. ಬೈಬಲಿನ 88ನೇ ಕೀರ್ತನೆ ಓದಿ ಅಂದರು. ಓದಿದೆ. ಸಾಮಾನ್ಯವಾಗಿ ಗೋಳಿನ ಕೀರ್ತನೆಗಳು ಕೊನೆಯಲ್ಲಿ ಹೇಗೋ ಬೆಳಕಿನ ಕಡೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಅಷ್ಟೂ ಮಾತನ್ನು ದೇವರ ಹತ್ತಿರವೇ ಹೇಳಿದ್ದಾನಲ್ಲ ಆ ಮನುಷ್ಯ! ಬೈಬಲಿನಲ್ಲಿ ಇಂಥದ್ದಕ್ಕೂ ಜಾಗ ಇದೆ ಅಂತ ಗೊತ್ತಾದ ದಿನ ನನಗೆ ಉಸಿರಾಡಲು ಆಯ್ತು. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದೂ ಕೀರ್ತನೆಯ ಮಾತನ್ನೇ, 22ನೆಯದರ ಮೊದಲ ಸಾಲು: ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಅಂತ.

ಕೊಲ್ಕತ್ತಾದ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಕಾಗದಗಳು ಪುಸ್ತಕವಾಗಿ ಬಂದಾಗ ಎಷ್ಟೋ ಜನ ಬೆಚ್ಚಿಬಿದ್ದರು. ದಶಕಗಟ್ಟಲೆ ಆ ತಾಯಿಗೆ ಪ್ರಾರ್ಥನೆಯಲ್ಲಿ ದೇವರ ಸುಳಿವೇ ಸಿಕ್ಕಿರಲಿಲ್ಲ. ಆದರೂ ಬೆಳಗ್ಗೆ ಎದ್ದು ಪೂಜೆಗೆ ಹೋದರು, ಆಮೇಲೆ ಸಾಯುತ್ತಿದ್ದವರ ಮೈ ತೊಳೆದರು. ಅಂಥವರನ್ನು 2016ರಲ್ಲಿ ಸಂತರೆಂದು ಸಾರಿದರು. ಕಣ್ಣೀರು ಬರುವುದೇ ವಿಶ್ವಾಸದ ಗುರುತಾಗಿದ್ದರೆ ಅದು ಆಗುತ್ತಿತ್ತಾ?

ನನಗೆ ಆ ವರ್ಷ ದಾರಿಗೆ ಬರಲು ನೆರವಾದದ್ದು ಒಂದು ಹಾರ್ಲಿಕ್ಸ್ ಡಬ್ಬಿ. ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಅದರಲ್ಲಿ ಹಾಕುತ್ತಿದ್ದೆ. ಇಬ್ಬರಿಗೆ ಇಡುತ್ತಿದ್ದ ಅಕ್ಕಿಯನ್ನು ಒಬ್ಬಳಿಗೆ ಇಡಲು ಕೈ ಒಗ್ಗಿರಲಿಲ್ಲ. ಹಾಗಾಗಿ ಹೆಚ್ಚಾದದ್ದು ಡಬ್ಬಿಗೆ. ಡಬ್ಬಿ ತುಂಬಿದರೆ ನಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರ ಚೀಲಕ್ಕೆ. ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೇ ಹಿಡಿ ಅಕ್ಕಿ ಎತ್ತಿಡುತ್ತಾರೆ. ಅಲ್ಲಿನ ಚರ್ಚಿನ ಎಷ್ಟೋ ಕೆಲಸ ಆ ಅಕ್ಕಿಯಿಂದಲೇ ನಡೆದಿದೆ. ನಮ್ಮ ಕಡೆಯೂ ಮಠಗಳಿಗೆ ಮುಷ್ಟಿ ಅಕ್ಕಿ ಎತ್ತಿಡುವ ರೂಢಿ ಇತ್ತಲ್ಲ. ಪ್ರಾರ್ಥನೆಗೆ ಮಾತು ಬರದ ದಿನಗಳಲ್ಲಿ ಆ ಒಂದು ಹಿಡಿ ಅಕ್ಕಿಯೇ ನನ್ನ ಪ್ರಾರ್ಥನೆ ಆಗಿತ್ತು. ಅದು ದೇವರಿಗೆ ಮುಟ್ಟಿತು ಅಂತ ನಾನು ನಂಬುತ್ತೇನೆ.

ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದು. ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡಲಿಲ್ಲ ಅಂತ ಜನ ದೇವರನ್ನು ಕೇಳುತ್ತಾರೆ, ನೀನು ಕೇಳಿದ ಹಾಗೇ. ದೇವರ ಉತ್ತರ ನೇರವಾಗಿದೆ: ಹಸಿದವನ ಜೊತೆ ರೊಟ್ಟಿ ಹಂಚಿಕೋ, ಮನೆ ಇಲ್ಲದವನನ್ನು ಒಳಗೆ ಕರೆ, ನೊಗದ ಹಗ್ಗ ಬಿಚ್ಚು, ಅದೇ ನನಗೆ ಬೇಕಾದ ಉಪವಾಸ. ನೀನು ಬಿಟ್ಟ ತಿಂಡಿ ಯಾರ ಹೊಟ್ಟೆಗೂ ಹೋಗಿಲ್ಲ, ಅಲ್ವಾ? ಅದು ಸುಮ್ನೆ ನಿನ್ನ ಮೈಯಿಂದ ಕಳೆದುಹೋಯ್ತು. ಗಾರ್ಮೆಂಟ್ಸ್‌ಗಳಿಗೆ ಈಗ ಒಡಿಶಾ, ಜಾರ್ಖಂಡ್ ಕಡೆಯಿಂದ ಹುಡುಗಿಯರು ಬರುತ್ತಾರೆ. ಹಾಸ್ಟೆಲ್ ಊಟ ಸೇರದೆ, ಭಾಷೆ ಬಾರದೆ ಇರುತ್ತಾರೆ. ನಿನ್ನ ಲೈನಿನಲ್ಲೂ ಒಬ್ಬಳು ಇರಬಹುದು. ವಾರಕ್ಕೊಂದು ದಿನ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಅನ್ನ ಸಾರು ಕಟ್ಟಿಕೊಂಡು ಹೋಗಿ ಅವಳ ಪಕ್ಕ ಕೂತು ತಿನ್ನು. ಮಾಂಸ ಬಿಟ್ಟು ಉಳಿದ ದುಡ್ಡು ಅದಕ್ಕೆ ಸಾಕು.

ಪ್ರಶ್ನೆ: ನಮ್ಮ ಮನೆಯವರು ವಿಭೂತಿ ಬುಧವಾರದಿಂದ ಕುಡಿಯುವುದನ್ನು ಪೂರ್ತಿ ನಿಲ್ಲಿಸುತ್ತಾರೆ. ಪಾಸ್ಕ ಹಬ್ಬದ ಮಧ್ಯಾಹ್ನ ಮತ್ತೆ ಶುರು. ಚರ್ಚಿನಲ್ಲಿ ಎಲ್ಲರೂ ಅವರನ್ನು ಹೊಗಳುತ್ತಾರೆ. ನನಗೆ ಮಾತ್ರ ಹಬ್ಬ ಬಂತೆಂದರೆ ಭಯ. (ಮೈಸೂರು)

ಉತ್ತರ: ತಾಯಿ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಪುನರುತ್ಥಾನದ ದಿನ ಒಂದು ಮನೆಯ ಹೆಂಗಸು ಹೆದರಿಕೊಂಡು ಅಡುಗೆ ಮಾಡುತ್ತಾಳೆ ಎಂದರೆ ಅದಕ್ಕಿಂತ ಸಂಕಟ ಏನಿದೆ.

ಈ ಪತ್ರಿಕೆಯನ್ನು ಅವರಿಗೇ ಕೊಡಿ, ಇಲ್ಲಿಂದ ಅವರಿಗೇ ಬರೆಯುತ್ತೇನೆ. ಅಣ್ಣಾ, ಭಾನುವಾರ ಬಿಟ್ಟು ಲೆಕ್ಕ ಹಾಕಿದರೆ 40 ದಿನ, ಸೇರಿಸಿದರೆ 46. ಅಷ್ಟು ದಿನ ನೀವು ಗ್ಲಾಸು ಮುಟ್ಟುವುದಿಲ್ಲ. ದೊಡ್ಡ ಮಾತು ಅದು. ಆದರೆ ಧರ್ಮಸಭೆಯ ಪಂಚಾಂಗದಲ್ಲಿ ತಪಸ್ಸಿಗಿಂತ ಹಬ್ಬ ಉದ್ದ. ಪಾಸ್ಕದಿಂದ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ, ಈ ವರ್ಷ ಮೇ 24ರವರೆಗೆ. ಯೇಸುವಿನ ನೋವಿಗಾಗಿ 46 ದಿನ ಬಿಟ್ಟವರು, ಆತ ಎದ್ದು ಬಂದ ಸಂತೋಷಕ್ಕಾಗಿ ಇನ್ನೊಂದು 50 ದಿನ ಬಿಡಬಾರದೇ? ನಿಮ್ಮ ಹೆಂಡತಿ ಮಕ್ಕಳು ಹಬ್ಬ ಮಾಡಲಿ. ಇನ್ನೊಂದು ಮಾತು. ಈ ದಿನಗಳಲ್ಲಿ ಬಾರಿಗೆ ಹೋಗದೆ ಉಳಿದ ದುಡ್ಡು ಎಲ್ಲಿದೆ? ಅದನ್ನು ದಿನಾ ಸಂಜೆ ಮನೆಯವರ ಕೈಗೆ ಕೊಡಿ. ಅರ್ಧ ಮನೆಗೆ, ಅರ್ಧ ಇಲ್ಲದವರಿಗೆ.

ಮತ್ತೆ ನಿಮಗೆ, ತಾಯಿ. ಬಿಡಬೇಕೆಂದರೂ ಆಗದಿದ್ದರೆ ಅದನ್ನು ಬರೀ ಪಾಪ ಅಂತ ನೋಡಬೇಡಿ, ಕಾಯಿಲೆ ಅಂತಲೂ ನೋಡಿ. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ನಿಲ್ಲಿಸಿದಾಗ ಕೈ ನಡುಕ, ಫಿಟ್ಸ್ ಕೂಡ ಬರಬಹುದು. ಆಗ ಹರಕೆ ಸಾಲದು, ಡಾಕ್ಟರ್ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಎಷ್ಟೋ ಊರುಗಳಲ್ಲಿ ನಡೆಯುತ್ತವೆ. ಅವರು ಹೊಡೆಯುವುದು, ಬಡಿಯುವುದು ಇದ್ದರೆ ದಯವಿಟ್ಟು ಸಹಿಸಿಕೊಂಡು ಕೂರಬೇಡಿ. ಅದು ಯಾವ ಶಿಲುಬೆಯೂ ಅಲ್ಲ. ತವರಿನವರಿಗೆ, ಫಾದರ್‌ಗೆ, ಬೇಕಾದರೆ ಪೊಲೀಸರಿಗೂ ಹೇಳಿ.

ಪ್ರಶ್ನೆ: ನಾವು ಲಿಂಗಾಯತರು. ನಮ್ಮ ಆಫೀಸಿನ ಕ್ರೈಸ್ತ ಗೆಳತಿ ಒಂದು ದಿನ ಹಣೆಗೆ ಬೂದಿ ಹಚ್ಚಿಕೊಂಡು ಬಂದಿದ್ದಳು. ಆಮೇಲೆ ಪಾರ್ಟಿಗೂ ಬರುತ್ತಿಲ್ಲ. ಅವಳಿಗೆ ಶುಭಾಶಯ ಹೇಳಬೇಕಾ, ಸುಮ್ಮನಿರಬೇಕಾ? (ದಾವಣಗೆರೆ)

ಉತ್ತರ: ಸುಮ್ಮನಿದ್ದರೆ ಸಾಕಮ್ಮ. ಶುಭ ಶುಕ್ರವಾರಕ್ಕೂ ಶುಭಾಶಯ ಬೇಡ, ಅದು ಯೇಸು ಸತ್ತ ದಿನ. ಏಪ್ರಿಲ್ 5ಕ್ಕೆ ಮನಸಾರೆ ಹೇಳು. ಆ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವಾದ ಮಾಡಿ ಕೊಟ್ಟ ಗರಿಗಳನ್ನು ಸುಟ್ಟು ಮಾಡಿದ್ದು. ನೀನು ಮಣ್ಣು, ಮಣ್ಣಿಗೇ ಹೋಗುತ್ತೀಯ ಎಂದು ನೆನಪಿಸಿ ಹಚ್ಚುತ್ತಾರೆ. ವಿಭೂತಿ ಧರಿಸುವ ಮನೆಯವಳಾದ ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪವಾಸ ಮಾಡುವಾಗ ಮುಖ ತೊಳೆದುಕೊಂಡು, ಯಾರಿಗೂ ತೋರಿಸಿಕೊಳ್ಳದೆ ಮಾಡು ಅಂತ ಯೇಸುವೇ ಹೇಳಿದ್ದಾರೆ. ಅದಕ್ಕೇ ಎಲ್ಲರೆದುರು ಕೇಳಿದರೆ ಅವಳಿಗೆ ಮುಜುಗರ ಆದೀತು. ಈ ವರ್ಷ ರಂಜಾನ್ ಉಪವಾಸವೂ ಹೆಚ್ಚುಕಮ್ಮಿ ಇದರ ಜೊತೆಗೇ ಶುರುವಾಯ್ತು. ನಿಮ್ಮ ಆಫೀಸಿನಲ್ಲಿ ಉಪವಾಸ ಇದ್ದವರು ಅವಳೊಬ್ಬಳೇ ಇರಲಿಕ್ಕಿಲ್ಲ. ಟ್ರೀಟ್ ಕೊಡುವುದಿದ್ದರೆ ಹಬ್ಬ ಆದ ಮೇಲೆ ಕೊಡು, ಓಡಿ ಬರುತ್ತಾಳೆ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ತಮ್ಮ ನಮ್ಮ ತೋಟದ ಬದು ಒತ್ತಿದ್ದಾನೆ. ಮಾತು ಬಿಟ್ಟು ವರ್ಷಗಳಾದವು. ಪಾಸ್ಕಕ್ಕೆ ಮೊದಲು ಫಾದರ್ ಹತ್ತಿರ ಪಾಪನಿವೇದನೆ ಮಾಡಬೇಕು. ತಪ್ಪು ಅವನದ್ದು. ನಾನೇ ಯಾಕೆ ಮೊದಲು ಹೋಗಬೇಕು? (ಹಾಸನ ಜಿಲ್ಲೆ)

ಉತ್ತರ: ಅಣ್ಣಾ, ತಪ್ಪು ಅವರದ್ದೇ ಇರಬಹುದು. ನಾನು ನ್ಯಾಯ ಹೇಳಲು ಬರುವುದಿಲ್ಲ. ಆದರೆ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಕಾಣಿಕೆ ಒಪ್ಪಿಸುವ ಮಾತು ಬರುತ್ತದೆ. ಪೀಠದ ಹತ್ತಿರ ನಿಂತಾಗ ತಮ್ಮನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿ ಮಾಡಿಕೊ ಅನ್ನುತ್ತಾರೆ ಸ್ವಾಮಿ. ಯಾರ ತಪ್ಪು ಅಂತ ಅಲ್ಲಿ ಕೇಳಿಯೇ ಇಲ್ಲ. ಪವಿತ್ರ ಗುರುವಾರ ಸಂಜೆ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಯೇಸು ಶಿಷ್ಯರ ಕಾಲು ತೊಳೆದ ಆ ಕೊನೆಯ ಊಟದಲ್ಲಿ ಅವರನ್ನು ಹಿಡಿದುಕೊಟ್ಟ ಯೂದನೂ ಕೂತಿದ್ದ. ಅವನು ಏನು ಮಾಡಲಿದ್ದಾನೆ ಅಂತ ಗೊತ್ತಿದ್ದೂ ಸ್ವಾಮಿ ಅವನ ಕಾಲನ್ನು ಬಿಟ್ಟು ಮುಂದೆ ಹೋಗಲಿಲ್ಲ.

ನಿಮಗಿಂತ ಚಿಕ್ಕವಳಾಗಿ ಒಂದು ಮಾತು ಹೇಳುತ್ತೇನೆ. ಬದುವಿನ ವಿಷಯ ಬೇರೆ, ತಮ್ಮನ ವಿಷಯ ಬೇರೆ ಇಡಿ. ಬದು ಸರ್ವೆಯವರ ಕೆಲಸ. ಅರ್ಜಿ ಹಾಕಿ, ಅಳತೆ ಮಾಡಿಸಿ, ಬಂದದ್ದನ್ನು ಇಬ್ಬರೂ ಒಪ್ಪಿ. ಅದು ತಿಂಗಳುಗಟ್ಟಲೆ ಹಿಡಿಯಬಹುದು. ತಮ್ಮನ ಮನೆಗೆ ಹೋಗಲು ಅಷ್ಟು ಕಾಯಬೇಕಿಲ್ಲ. ಗುರುವಾರ, ಏಪ್ರಿಲ್ 2ರ ಒಳಗೆ ಹೋಗಿ. ಊರ ಹಿರಿಯರನ್ನು ಕರೆದುಕೊಂಡು ಹೋಗಬೇಡಿ, ಪಂಚಾಯಿತಿ ಆಗಿಬಿಡುತ್ತದೆ. ಒಬ್ಬರೇ ಹೋಗಿ. ತೋಟದ ಬಾಳೆಗೊನೆಯೋ, ಒಂದಿಷ್ಟು ಕಾಫಿಪುಡಿಯೋ, ಏನಾದರೂ ಕೈಯಲ್ಲಿ ಇರಲಿ. ಬದುವಿನ ಮಾತು ಎತ್ತಬೇಡಿ. ಅವರು ಎತ್ತಿದರೆ "ಅದನ್ನು ಸರ್ವೆಯವರು ನೋಡ್ಕೊಳ್ಳಲಿ, ನಾನು ನಿನ್ನ ನೋಡಲು ಬಂದೆ" ಅನ್ನಿ. ನಿಮ್ಮ ತಮ್ಮ ಬಾಗಿಲು ತೆಗೆಯದಿದ್ದರೆ ತಂದದ್ದನ್ನು ಜಗುಲಿಯ ಮೇಲೆ ಇಟ್ಟು ಬನ್ನಿ, ಹಾಗೇ ಪಾಪನಿವೇದನೆಗೆ ಹೋಗಿ ನಡೆದದ್ದನ್ನೆಲ್ಲ ಫಾದರ್ ಹತ್ತಿರ ಹೇಳಿ. ಬಾಗಿಲು ತೆಗೆದರೋ ಇಲ್ಲವೋ, ನನಗೊಂದು ಕಾಗದ ಹಾಕಿ. ಕಾಯುತ್ತಿರುತ್ತೇನೆ.