ಗಂಟು ಕಂಡರೂ ಬಯಾಪ್ಸಿ ಮಾಡಿಸಲಿಲ್ಲ, ಕೇಸ್ ಹಾಕಬಹುದಾ?

ಪ್ರಶ್ನೆ: ಅಮ್ಮನ ಎದೆಯಲ್ಲಿ ಗಂಟಿತ್ತು. ಖಾಸಗಿ ಡಾಕ್ಟರು 'ಬರೀ ಕೊಬ್ಬಿನ ಗಂಟು' ಅಂತ ಎಂಟು ತಿಂಗಳು ಮಾತ್ರೆ ಕೊಟ್ಟರು. ಈಗ ಕ್ಯಾನ್ಸರ್ ಮೂರನೇ ಹಂತ. ಪರಿಹಾರ ಸಿಗುತ್ತಾ?

ಉತ್ತರ: ಕೇಳುವ ಹಕ್ಕು ಖಂಡಿತ ಇದೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ತಡವಾಯಿತು ಅಂದರೆ ಸಾಲದು. ಎಚ್ಚರದ ಬೇರೆ ಡಾಕ್ಟರಾಗಿದ್ದರೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ), ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಬರೆಯುತ್ತಿದ್ದರು, ಬರೆಯದೇ ಹೋದದ್ದರಿಂದಲೇ ಅಮ್ಮನಿಗೆ ಜಾಸ್ತಿ ಹಾನಿಯಾಯಿತು ಅಂತ ತೋರಿಸಬೇಕು, ಕಷ್ಟ ಇರುವುದು ಇಲ್ಲೇ. ಹಳೇ ಚೀಟಿ ಒಂದೂ ಎಸೆಯಬೇಡಿ, ತಾರೀಖು ಇರುವ ಪ್ರತಿ ಚೀಟಿಯೂ ಸಾಕ್ಷಿ. ದಾಖಲೆಗಳನ್ನು ಬರವಣಿಗೆಯಲ್ಲಿ ಕೇಳಿ, 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮವಿದೆ. ಕ್ಯಾನ್ಸರ್ ತಜ್ಞರೊಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಗಡುವು. ಅಲ್ಲಿಯವರೆಗೆ ಅಮ್ಮನ ಚಿಕಿತ್ಸೆ ಒಂದು ದಿನವೂ ನಿಲ್ಲಬಾರದು.